ಆರನೇ ಕ್ಲಾಸಿನ ಗಲಾಟೆ: ಯಾವುದು ಇರಲಿ, ಯಾವುದು ಬೇಡ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಜಿಪಿಟಿ (ಪದವೀಧರ ಪ್ರಾಥಮಿಕ) ಶಿಕ್ಷಕಿ. ಆರು, ಏಳನೇ ತರಗತಿಗೆ ಗಣಿತ, ವಿಜ್ಞಾನ ಕಲಿಸುತ್ತೇನೆ. ಆರನೇ ತರಗತಿಯಲ್ಲಿ 41 ಮಕ್ಕಳಿದ್ದಾರೆ. ಚಟುವಟಿಕೆ ಮಾಡಿಸುತ್ತೇನೆ, ಗುಂಪು ಮಾಡುತ್ತೇನೆ. ನನ್ನ ಪಿರಿಯಡ್ ಅಂದರೆ ಮಕ್ಕಳಿಗೆ ಖುಷಿ. ಆದರೆ ಗಲಾಟೆ ಜಾಸ್ತಿ. ಮೊನ್ನೆ ವಿದ್ಯುತ್ ಮಂಡಲದ ಪಾಠ. ಐದು ಗುಂಪು ಮಾಡಿದ್ದೆ, ಇದ್ದದ್ದು ಎರಡೇ ಬಲ್ಬು. ಬಲ್ಬು ಹೊತ್ತಿದ ಕೂಡಲೇ ಎಲ್ಲರೂ ಕೂಗಿದರು. ಪಕ್ಕದ ಕೋಣೆಯ ಹಿರಿಯ ಶಿಕ್ಷಕರು ಬಾಗಿಲಿಗೆ ಬಂದು, ಮಕ್ಕಳ ಎದುರೇ ‘ಏನ್ರೀ ಟೀಚರ್, ಸಂತಿ ಹಚ್ಚೀರೇನು?’ ಅಂದರು. ಹೆಡ್‌ಮಾಸ್ಟರ್ ‘ಸ್ವಲ್ಪ ಕಂಟ್ರೋಲ್ ಇರ್ಲಿ’ ಅಂದರು. ಪಾಲಕರೊಬ್ಬರು ‘ನಾಕು ಬಾರಿಸ್ರಿ, ನಾವೇನೂ ಅನ್ನಂಗಿಲ್ಲ’ ಅಂದರು. ನಾಲ್ಕು ಹುಡುಗರೇ ಇಡೀ ಕ್ಲಾಸನ್ನು ಆಳುತ್ತಾರೆ. ಹಿಂದಿನ ಸಾಲಿನ ಹೆಣ್ಣುಮಕ್ಕಳು ಬಾಯಿ ಬಿಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ದನಿ ಬಿದ್ದುಹೋಗಿರುತ್ತದೆ. ಪಾಠಗಳೂ ಹಿಂದೆ ಬಿದ್ದಿವೆ. ಇದನ್ನೆಲ್ಲ ಬಿಟ್ಟು ಸುಮ್ನೆ ಬೋರ್ಡ್ ಮೇಲೆ ಬರೆದು ನೋಟ್ಸ್ ಕೊಡುವುದೇ ಒಳ್ಳೆಯದಾ?

ಉತ್ತರ:

ಬೇಡ ಮೇಡಂ. ಚಟುವಟಿಕೆ ಬಿಡಬೇಡಿ. ಆದರೆ ಪಕ್ಕದ ಕೋಣೆಯವರ ಮಾತಿನಲ್ಲಿ ಹುರುಳೇ ಇಲ್ಲ ಅಂತಲೂ ನಾನು ಹೇಳುವುದಿಲ್ಲ. ಅವರು ಹೇಳಿದ ರೀತಿ ತಪ್ಪು. ಮಕ್ಕಳ ಎದುರು ಹಾಗೆ ಕೇಳಬಾರದಿತ್ತು. ಆದರೂ ನಿಮ್ಮ ಕ್ಲಾಸಿನ ಗಲಾಟೆಯಲ್ಲಿ ಒಂದು ಪಾಲು ಕಲಿಕೆಯದ್ದು, ಇನ್ನೊಂದು ಪಾಲು ಕೆಲಸವಿಲ್ಲದೆ ಕೂತವರದ್ದು. ಈ ಎರಡನ್ನು ಬೇರೆ ಮಾಡಿ ನೋಡಿದರೆ ಅರ್ಧ ತಲೆನೋವು ಇಳಿಯುತ್ತದೆ.

ನೀವೇ ಬರೆದ ಲೆಕ್ಕ ನೋಡಿ. 41 ಮಕ್ಕಳು, ಐದು ಗುಂಪು, ಎರಡು ಬಲ್ಬು. ಅಂದರೆ ಒಂದು ಗುಂಪಿನಲ್ಲಿ ಎಂಟು ಜನ. ಒಂದು ಸಲಕ್ಕೆ ಎರಡು ಗುಂಪಿಗೆ ಮಾತ್ರ ಸಾಮಾನು. ಆ ಗುಂಪಿನಲ್ಲೂ ವಯರು ಹಿಡಿಯುವುದು ಇಬ್ಬರೋ ಮೂವರೋ. ಉಳಿದ ಮೂವತ್ತೈದು ಮಕ್ಕಳು ಏನು ಮಾಡಬೇಕು? ಬಗ್ಗಿ ನೋಡಬೇಕು, ತಳ್ಳಬೇಕು, ‘ಟೀಚರ್ ನಮಗ್ಯಾವಾಗ’ ಅಂತ ಕೂಗಬೇಕು. ಅವರು ಅದನ್ನೇ ಮಾಡಿದ್ದಾರೆ. ಬಲ್ಬು ಹೊತ್ತಿದಾಗ ಎದ್ದ ಕೂಗು ಒಳ್ಳೆಯ ಕೂಗು. ಅದಕ್ಕೆ ಮುಂಚಿನ ಹತ್ತು ನಿಮಿಷದ ಗಲಾಟೆ ಇದೆಯಲ್ಲ, ಅದೇ ಪಕ್ಕದ ಕೋಣೆಗೆ ಕೇಳಿಸಿದ್ದು.

ಕೆಲವು ನಂಬಿಕೆಗಳನ್ನು ಮೊದಲು ಬಗೆಹರಿಸೋಣ. ಶಾಂತವಾದ ಕ್ಲಾಸು ಕಲಿಯುವ ಕ್ಲಾಸು ಅನ್ನುವುದು ಸ್ಟಾಫ್ ರೂಮಿನ ಹಳೆಯ ನಂಬಿಕೆ. ಬೋರ್ಡ್ ನೋಡಿ ಬರೆದುಕೊಳ್ಳುವ ಕ್ಲಾಸಿಗೆ ಹೋಗಿ ಕೂತು ನೋಡಿ. ಕೈ ಓಡುತ್ತಿರುತ್ತದೆ, ಗಮನ ಮೈದಾನದಲ್ಲಿರುತ್ತದೆ. ಮಧ್ಯೆ ಮಧ್ಯೆ ಶಿಕ್ಷಕರು ‘ಅರ್ಥ ಆಯ್ತಾ?’ ಅಂತಾರೆ. ಇಡೀ ಕ್ಲಾಸು ‘ಆಯ್ತೂ ಟೀಚರ್’ ಅಂತ ರಾಗ ಎಳೆಯುತ್ತದೆ. ಆ ರಾಗದಿಂದ ಯಾರಿಗೆ ಏನು ಗೊತ್ತಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಎರಡರಲ್ಲಿ ಒಂದಕ್ಕೆ ಮೂರರಲ್ಲಿ ಒಂದು ಕೂಡಿಸಿದರೆ ಎಷ್ಟು ಅಂತ ಒಬ್ಬೊಬ್ಬರನ್ನೇ ಕೇಳಿ. ಐದರಲ್ಲಿ ಎರಡು ಅನ್ನುವವರು ಸಾಲುಸಾಲಾಗಿ ಸಿಗುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿರುತ್ತಾರೆ. ಇದು ಶಾಂತವಾದ ಕ್ಲಾಸಿನಲ್ಲಿ ಹೊರಗೆ ಬರುವುದೇ ಇಲ್ಲ. ಇಬ್ಬರು ಮಕ್ಕಳು ಬೇರೆ ಬೇರೆ ಉತ್ತರ ಇಟ್ಟುಕೊಂಡು ಜಗಳಕ್ಕೆ ಬಿದ್ದಾಗಲೇ ಹೊರಗೆ ಬರುವುದು. ಒಂದು ಕಾಗದದ ಪಟ್ಟಿ ಮಡಿಸಿ ಐದರಲ್ಲಿ ಎರಡು ಅರ್ಧಕ್ಕಿಂತ ಕಡಿಮೆ ಅಂತ ತೋರಿಸಿದರೆ, ‘ಕೂಡಿಸಿದ ಮೇಲೆ ಕಡಿಮೆ ಹೆಂಗಾಯ್ತು?’ ಅಂತ ಅವರೇ ಕೇಳುತ್ತಾರೆ. ಆ ಜಗಳದ ಸದ್ದು ನನಗೆ ಬೇಕು.

ಇದಕ್ಕೆ ಉಲ್ಟಾ ಇರುವ ನಂಬಿಕೆಯೂ ಇದೆ. ಅದು ತರಬೇತಿಗಳಲ್ಲಿ ಕೇಳಿಬರುತ್ತದೆ. ಮಕ್ಕಳು ಗಲಾಟೆ ಮಾಡುತ್ತಿದ್ದರೆ ಕಲಿಯುತ್ತಿದ್ದಾರೆ ಅಂತ. ಇದೂ ಸುಳ್ಳು. ಖುಷಿ ಬೇರೆ, ಕಲಿಕೆ ಬೇರೆ. ಚಾರ್ಟಿಗೆ ಬಣ್ಣ ಬಳಿಯುವುದರಲ್ಲಿ 40 ನಿಮಿಷ ಕಳೆದುಹೋಗಿ, ಭಿನ್ನರಾಶಿ ಅಲ್ಲೇ ಉಳಿದಿರುವುದನ್ನು ನಾನು ಬಹಳ ಶಾಲೆಗಳಲ್ಲಿ ನೋಡಿದ್ದೇನೆ. ಹಾಗಾಗಿ ಕ್ಲಾಸು ಗಲಗಲ ಅನ್ನುತ್ತಿರುವಾಗ ಒಂದು ಕೆಲಸ ಮಾಡಿ. ಕ್ಲಾಸಿನ ಮಧ್ಯೆ ಸುಮ್ನೆ ನಿಂತು, ಹತ್ತಿರದ ಗುಂಪು ಏನು ಮಾತಾಡುತ್ತಿದೆ ಅಂತ ಕೇಳಿ. ‘ಆ ಕಡೆ ವಯರು ಹಚ್ಚಿದ್ರ ಹತ್ತಂಗಿಲ್ಲ’ ಅಂದರೆ ಸರಿ. ‘ನಿನ್ನೆ ಮ್ಯಾಚ್ ನೋಡಿದ್ಯಾ?’ ಅಂದರೆ ಆ ಗುಂಪಿಗೆ ಕೆಲಸ ಮುಗಿದಿದೆ, ಇಲ್ಲವೇ ಕೆಲಸ ಏನು ಅಂತ ತಿಳಿದಿಲ್ಲ.

ಇನ್ನೊಂದು ದೂರು ನಲಿ ಕಲಿ ಮೇಲೆ, ಅಂದರೆ ಚಿಕ್ಕ ತರಗತಿಗಳಲ್ಲಿ ಚಟುವಟಿಕೆಯ ಮೂಲಕ ಕಲಿಸುವ ಸರ್ಕಾರಿ ಶಾಲೆಗಳ ಪದ್ಧತಿಯ ಮೇಲೆ. ‘ಒಂದರಿಂದ ಮೂರನೇ ಕ್ಲಾಸಿನ ತನಕ ಆಟ ಆಡಿಸಿ ಕಳಿಸ್ತಾರೆ, ಮೇಲೆ ಬಂದ ಮೇಲೆ ಕೂರೋಕೆ ಆಗಲ್ಲ’ ಅನ್ನುವ ಮಾತು ನೀವೂ ಕೇಳಿರಬಹುದು. ಹೆಗ್ಗಡದೇವನಕೋಟೆಯಲ್ಲಿ 1995ರ ಹೊತ್ತಿಗೆ ಶುರುವಾದ ಆ ಪದ್ಧತಿಯಲ್ಲಿ ಪ್ರತಿ ಮಗುವಿಗೂ ಮಾಡಬೇಕಾದ ಕೆಲಸದ ಕಾರ್ಡ್ ಇದೆ, ‘ತಟ್ಟೆ’ ಅನ್ನುವ ಕೂರುವ ಗುಂಪು ಇದೆ, ಮುಂದಿನ ಮೆಟ್ಟಿಲು ಯಾವುದು ಅಂತ ಗೋಡೆ ಮೇಲೆ ಕಾಣುತ್ತದೆ. ಸರಿಯಾಗಿ ನಡೆಯುವ ನಲಿ ಕಲಿ ಕೋಣೆಯಲ್ಲಿ ಮಕ್ಕಳು ಅಲ್ಲಾಡುತ್ತಾರೆ, ಆದರೆ ಖಾಲಿ ಕೂರುವುದಿಲ್ಲ. ಆರನೇ ಕ್ಲಾಸಿಗೆ ಬಂದಾಗ ಅದೇ ಮಕ್ಕಳಿಗೆ ಆ ಏರ್ಪಾಡು ಕೈತಪ್ಪುತ್ತದೆ. ಸುಮ್ಮನೆ ಕೂರಿಸುವ ಪದ್ಧತಿಯೂ ಅವರಿಗೆ ರೂಢಿ ಇಲ್ಲ. ತಪ್ಪು ಮಕ್ಕಳದ್ದಲ್ಲ.

ಈ ವಯಸ್ಸಿನ ಬಗ್ಗೆ ಎರಡು ಮಾತು. ಹನ್ನೊಂದರಿಂದ ಹದಿಮೂರು ಅಂದರೆ ಮೈ ಬದಲಾಗುವ ಹೊತ್ತು. ಟೀಚರ್ ಏನಂತಾರೆ ಅನ್ನುವುದಕ್ಕಿಂತ ಪಕ್ಕದಲ್ಲಿ ಕೂತವನು ಏನಂದುಕೊಳ್ಳುತ್ತಾನೆ ಅನ್ನುವುದು ದೊಡ್ಡದಾಗುತ್ತದೆ. ಆ ನಾಲ್ಕು ಹುಡುಗರು ಕೂಗುವುದು ಇದಕ್ಕೇ, ಆ ಹೆಣ್ಣುಮಕ್ಕಳು ಬಾಯಿ ಮುಚ್ಚಿರುವುದೂ ಇದಕ್ಕೇ. ತಪ್ಪು ಉತ್ತರ ಹೇಳಿ ನಗೆಪಾಟಲಾಗುವ ಭಯ ಇಬ್ಬರಿಗೂ ಇದೆ. ಒಬ್ಬರು ಗದ್ದಲದಲ್ಲಿ ಅದನ್ನು ಮುಚ್ಚುತ್ತಾರೆ, ಇನ್ನೊಬ್ಬರು ಮೌನದಲ್ಲಿ. ಹುಡುಗರನ್ನು ಎಲ್ಲರೆದುರು ಬೈದರೆ ಅವರಿಗೆ ಬೇಕಾದ ವೇದಿಕೆ ನೀವೇ ಕೊಟ್ಟ ಹಾಗೆ. ಅವರ ಡೆಸ್ಕಿನ ಹತ್ತಿರ ಹೋಗಿ ನಿಂತು ಪಾಠ ಮುಂದುವರಿಸಿ. ಹೇಳಬೇಕಾದ ಮಾತನ್ನು ಊಟದ ಹೊತ್ತಿನಲ್ಲಿ ಒಬ್ಬೊಬ್ಬನಿಗೇ ಹೇಳಿ.

ತೀರಾ ಜೋರಾಗಿ ಮಾತಾಡುವ ಹುಡುಗನಿಗೆ ಕಿವಿ ಸರಿ ಇದೆಯಾ, ಹಿಂದಿನ ಸಾಲಿನ ಹುಡುಗಿಗೆ ಬೋರ್ಡ್ ಕಾಣುತ್ತಾ ಅಂತಲೂ ನೋಡಿ. ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮವಾದ ಆರ್‌ಬಿಎಸ್‌ಕೆ ವೈದ್ಯರ ತಂಡ ಶಾಲೆಗೆ ಬಂದಾಗ ಈ ಮಕ್ಕಳ ಹೆಸರನ್ನು ನೀವಾಗಿಯೇ ಹೇಳಿ. ತಿಂಗಳ ಮುಟ್ಟು ಹೊಸದಾಗಿ ಶುರುವಾದ ಹುಡುಗಿ ಎದ್ದು ಬೋರ್ಡಿಗೆ ಬರಲು ಹಿಂಜರಿಯುತ್ತಾಳೆ. ಅದನ್ನು ಸೋಮಾರಿತನ ಅಂದುಕೊಂಡವರು ಬಹಳ ಜನ.

ಈಗ ದಿನದ ವಿಷಯ. ಗಲಾಟೆ ದಿನವಿಡೀ ಒಂದೇ ಸಮ ಇರುವುದಿಲ್ಲ. ಸಂತೆಯಲ್ಲಿ ವ್ಯಾಪಾರ ನಡೆಯುವಾಗ ಗದ್ದಲ ಇದ್ದರೂ ಒಂದು ಲಯ ಇರುತ್ತದೆ, ನೂಕುನುಗ್ಗಲು ಆಗುವುದು ಲಾರಿ ಇಳಿಸುವಾಗ. ಕ್ಲಾಸಿನಲ್ಲೂ ಹಾಗೆಯೇ. ಪ್ರಾರ್ಥನೆ, ಹಾಲು ಮುಗಿಸಿ ಒಳಗೆ ಬರುವಾಗ. ಹಾಜರಿ ಕೂಗಿ, ಇವತ್ತು ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು ಅಂತ ಲೆಕ್ಕ ಹಾಕುವಾಗ. ಸಾಮಾನು ಹಂಚುವಾಗ, ಗುಂಪು ಮಾಡಲು ಬೆಂಚು ಎಳೆಯುವಾಗ. ಬಿಸಿಯೂಟ ಮುಗಿಸಿ ತಟ್ಟೆ ತೊಳೆದು ಒಬ್ಬೊಬ್ಬರೇ ಒದ್ದೆ ಕೈಯಲ್ಲಿ ಬರುವಾಗ. ನಿಮ್ಮ ಕೈ ಬೇರೆ ಕೆಲಸದಲ್ಲಿದ್ದು, ಮಕ್ಕಳ ಕೈ ಖಾಲಿ ಇರುವ ಹೊತ್ತುಗಳು ಇವು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೌನಿನ್ 1970ರಲ್ಲಿ ಹೊರತಂದ ಅಧ್ಯಯನದಲ್ಲಿ ಕಂಡದ್ದೂ ಇದೇ. ಮಗು ತಪ್ಪು ಮಾಡಿದ ಮೇಲೆ ಹೇಗೆ ಗದರುತ್ತಾರೆ ಅನ್ನುವುದರಲ್ಲಿ ಒಳ್ಳೆಯ ಹಿಡಿತ ಇರುವ ಶಿಕ್ಷಕರಿಗೂ ಇಲ್ಲದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಅದಕ್ಕೂ ಮುಂಚೆ. ಕ್ಲಾಸಿನ ಮೂಲೆ ಮೂಲೆಯ ಮೇಲೆ ಕಣ್ಣಿಡುವುದರಲ್ಲಿ, ಒಂದು ಕೆಲಸದಿಂದ ಇನ್ನೊಂದಕ್ಕೆ ತಡವಿಲ್ಲದೆ ದಾಟಿಸುವುದರಲ್ಲಿ.

ಹಾಗಾಗಿ ನನ್ನ ಮೊದಲ ಸಲಹೆ ಈ ಸಂದುಗಳನ್ನು ಮುಚ್ಚಿ ಅನ್ನುವುದು. ಬೆಳಗ್ಗೆ ಬರುವ ಮುಂಚೆಯೇ ಬೋರ್ಡ್ ಮೇಲೆ ಎರಡು ಲೆಕ್ಕ ಇರಲಿ. ಬಂದವರು ಕೂತು ಮಾಡಲಿ, ನೀವು ಹಾಜರಿ ಮುಗಿಸಿ. ಮೊಟ್ಟೆ, ಬಾಳೆಹಣ್ಣಿನ ಲೆಕ್ಕಕ್ಕೆ ಗೋಡೆಗೆ ಒಂದು ಹಾಳೆ ಅಂಟಿಸಿ, ಮಕ್ಕಳೇ ಗುರುತು ಹಾಕಲಿ. ಎಣಿಸುವುದು ಒಂದು ಗುಂಪಿನ ಪಾಳಿ. ಅಂಕಿಅಂಶದ ಪಾಠ ಬಂದಾಗ ಆ ಹಾಳೆಯೇ ಸ್ತಂಭಾಲೇಖ ಆಗುತ್ತದೆ. ಊಟದ ನಂತರದ ಮೊದಲ ಹತ್ತು ನಿಮಿಷ ಹೊಸದೇನೂ ಬೇಡ. ಕಥೆ ಓದಿ, ಇಲ್ಲವೇ ಅವರೇ ಮೌನವಾಗಿ ಓದಲಿ.

ಎರಡನೆಯದು ಗುಂಪಿನ ಗಾತ್ರ. ಎಂಟು ಜನರ ಗುಂಪು ಬೇಡ, ನಾಲ್ಕು ಜನ ಸಾಕು. ಸಾಮಾನು ಕಮ್ಮಿ ಇದೆ ಅಂತೀರಿ. ಹಾಗಿದ್ದರೆ ಕೆಲಸವನ್ನು ಎರಡು ಭಾಗ ಮಾಡಿ. ಬೋರ್ಡ್ ಮೇಲೆ ಆರು ಮಂಡಲ ಬರೆಯಿರಿ. ಯಾವುದರಲ್ಲಿ ಬಲ್ಬು ಹೊತ್ತುತ್ತದೆ, ಯಾವುದರಲ್ಲಿ ಇಲ್ಲ, ಯಾಕೆ ಅಂತ ಮೊದಲು ಪ್ರತಿಯೊಬ್ಬರೂ ಮಾತಾಡದೆ ಬರೆಯಲಿ. ಆಮೇಲೆ ನಾಲ್ವರು ಸೇರಿ ವಾದ ಮಾಡಲಿ. ಕೊನೆಗೆ ಎರಡು ಗುಂಪು ಬಲ್ಬಿನಲ್ಲಿ ಪರೀಕ್ಷಿಸುವಾಗ ಉಳಿದವರು ತಮ್ಮ ಉತ್ತರ ಸರಿಯಾ ಅಂತ ನೋಡುತ್ತಿರುತ್ತಾರೆ. ನೋಡುವುದೂ ಆಗ ಕೆಲಸವಾಗುತ್ತದೆ. ಶೆಲ್ಲಿನ ಎರಡೂ ತುದಿಗೆ ನೇರವಾಗಿ ವಯರು ಹಚ್ಚಿದರೆ ವಯರು ಬಿಸಿಯಾಗಿ ಕೈ ಸುಡುತ್ತದೆ, ಮನೆಯ ಪ್ಲಗ್ಗಿನಲ್ಲಿ ಇದನ್ನು ಯಾವತ್ತೂ ಮಾಡಬಾರದು ಅಂತ ಸಾಮಾನು ಕೊಡುವ ಮುಂಚೆ ಹೇಳಿ. ಕೊಟ್ಟ ಮೇಲೆ ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಇದರಲ್ಲೂ ಅಪಾಯ ಇದೆ. ನಾಲ್ವರಲ್ಲಿ ಕೆಲಸ ಹಂಚದಿದ್ದರೆ ವಯರು ಹಿಡಿಯುವುದು ಹುಡುಗರು, ನೀಟಾಗಿ ಬರೆಯುವುದು ಹುಡುಗಿಯರು ಅಂತ ತಾನೇ ಆಗಿಬಿಡುತ್ತದೆ. ನಿಮ್ಮ ಹಿಂದಿನ ಸಾಲಿನವರು ಇನ್ನೂ ಹಿಂದೆ ಹೋಗುತ್ತಾರೆ. ಸಾಮಾನು ಹಿಡಿಯುವುದು, ಬರೆಯುವುದು, ಓದಿ ಹೇಳುವುದು, ಎದ್ದು ವರದಿ ಒಪ್ಪಿಸುವುದು, ಇವು ಪ್ರತಿ ಸಲವೂ ತಿರುಗುತ್ತಿರಲಿ. ಯಾರ ಪಾಳಿ ಯಾವುದು ಅಂತ ಗೋಡೆ ಮೇಲೆ ಬರೆದಿಡಿ. ನೆನಪಿನ ಮೇಲೆ ಬಿಟ್ಟರೆ ಜೋರಿನವರೇ ಗೆಲ್ಲುತ್ತಾರೆ.

ಮೂರನೆಯದು ಪ್ರಶ್ನೆ ಕೇಳುವ ರೀತಿ. ಮೇರಿ ಬಡ್ ರೋ ಅನ್ನುವ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳನ್ನು ರೆಕಾರ್ಡ್ ಮಾಡಿ ಕೇಳಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಬಾಯಿ ಬಿಟ್ಟರು. ಮೂರು ಸೆಕೆಂಡ್ ಅಂದರೆ ಏನು ಮಹಾ ಅನ್ನಿಸಬಹುದು. ಕ್ಲಾಸಿನಲ್ಲಿ ನಿಂತು ಮನಸ್ಸಿನಲ್ಲೇ ಎಣಿಸಿ ನೋಡಿ, ಒಂದು ಯುಗ ಕಳೆದ ಹಾಗೆ ಆಗುತ್ತದೆ. ಆದರೂ ಆ ಹೊತ್ತಿನಲ್ಲಿ ಕೈ ಎತ್ತುವವರನ್ನು ತಡೆಯಿರಿ. ಎಲ್ಲರೂ ಪಕ್ಕದವರಿಗೆ ಪಿಸುಮಾತಿನಲ್ಲಿ ಹೇಳಲಿ, ಆಮೇಲೆ ನೀವು ಹೆಸರು ಕರೆಯಿರಿ. ಒಮ್ಮೆ ಗೆಳತಿಗೆ ಹೇಳಿದ ಉತ್ತರವನ್ನು ಮತ್ತೆ ಹೇಳಲು ಧೈರ್ಯ ಜಾಸ್ತಿ ಬರುತ್ತದೆ.

ಗಲಾಟೆ ನಿಲ್ಲಿಸುವ ಸೂಚನೆ ಒಂದು ಬೇಕೇ ಬೇಕು. ಕೈ ಎತ್ತುವುದೋ ಮೂರು ಚಪ್ಪಾಳೆಯೋ ಯಾವುದಾದರೂ ಸರಿ. ಆದರೆ ಇದನ್ನು ದುಂದು ಮಾಡಬಾರದು. ಐದು ನಿಮಿಷಕ್ಕೊಮ್ಮೆ ಚಪ್ಪಾಳೆ ತಟ್ಟಿದರೆ ಎರಡು ವಾರದಲ್ಲಿ ಅದೂ ಗಲಾಟೆಯ ಭಾಗವೇ ಆಗುತ್ತದೆ. ಸೂಚನೆ ಕೊಟ್ಟ ಮೇಲೆ ಪೂರ್ತಿ ಮೌನ ಆಗುವ ತನಕ ಬಾಯಿ ಬಿಡಬೇಡಿ. ಅರ್ಧ ಗಲಾಟೆಯ ಮೇಲೆ ಮಾತು ಶುರು ಮಾಡಿದರೆ, ಅರ್ಧ ಗಲಾಟೆ ನಡೆಯುತ್ತದೆ ಅಂತ ಮಕ್ಕಳು ಕಲಿಯುತ್ತಾರೆ.

ಮಾನಿಟರ್ ಕೈಗೆ ಸೀಮೆಸುಣ್ಣ ಕೊಟ್ಟು ‘ಮಾತಾಡಿದವರ ಹೆಸರು ಬರಿ’ ಅನ್ನುವ ಪದ್ಧತಿ ಇದೆಯಲ್ಲ, ಅದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಐದು ನಿಮಿಷ ಶಾಂತಿ ಸಿಗುತ್ತದೆ, ನಿಜ. ಆದರೆ ಹೆಸರು ಬರೆಯುವವನಿಗೆ ಆಗದವರ ಹೆಸರು ಮೊದಲು ಬರುತ್ತದೆ. ಊರಿನ ಓಣಿ, ಜಾತಿ, ಮನೆ ಜಗಳ ಎಲ್ಲ ಆ ಪಟ್ಟಿಗೆ ಬಂದು ಕೂರುತ್ತವೆ. ಸಂಜೆ ಬಾವಿಕಟ್ಟೆ ಹತ್ತಿರ ಅದಕ್ಕೆ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಾರೆ.

ಬಾರಿಸಿ ಅಂದ ಪಾಲಕರ ವಿಷಯ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸುತ್ತದೆ. ಪಾಲಕರು ಒಪ್ಪಿದರೂ ಅದು ತಪ್ಪೇ. ‘ನಾವೇನೂ ಅನ್ನಂಗಿಲ್ಲ’ ಅಂದವರು ಕಿವಿಗೋ ಕಣ್ಣಿಗೋ ಪೆಟ್ಟಾದ ದಿನ ಖಂಡಿತ ಅಂತಾರೆ, ಅನ್ನಲೂಬೇಕು. ಕಾನೂನು ಬದಿಗಿಡಿ. ಹೊಡೆತಕ್ಕೆ ಕೂತ ಕ್ಲಾಸು ನೀವು ಇರುವ ತನಕ ಮಾತ್ರ ಕೂರುತ್ತದೆ. ಹೆಡ್‌ಮಾಸ್ಟರ್ ಕರೆದರು ಅಂತ ನೀವು ಹೊರಗೆ ಕಾಲಿಟ್ಟರೆ ಕೋಣೆ ಹಾರಿಹೋಗುತ್ತದೆ. ಆ ಪಾಲಕರಿಗೆ ಬೇರೆ ಕೆಲಸ ಕೊಡಿ. ಮಗ ರಾತ್ರಿ ಎಷ್ಟು ಗಂಟೆಗೆ ಮಲಗುತ್ತಾನೆ, ಮೊಬೈಲು ಯಾರ ಕೈಯಲ್ಲಿರುತ್ತದೆ ಅಂತ ಕೇಳಿ. ನಿದ್ದೆಗೆಟ್ಟ ಹುಡುಗ ಮೂರನೇ ಪಿರಿಯಡ್‌ನಲ್ಲಿ ಮಲಗುವುದಿಲ್ಲ, ಪಕ್ಕದವನನ್ನು ಚಿವುಟುತ್ತಾನೆ.

ಹೊರಗೆ ಮರದ ಕೆಳಗೆ ಕರೆದುಕೊಂಡು ಹೋಗುವುದು ಒಳ್ಳೆಯ ದಾರಿ ಅಂತ ಬಹಳ ಜನ ಹೇಳುತ್ತಾರೆ. ಅಳತೆ, ನೆರಳು, ಎಲೆಗಳ ಪಾಠಕ್ಕೆ ಸರಿ. ಪಕ್ಕದ ಕೋಣೆಗೆ ತೊಂದರೆಯೂ ಇಲ್ಲ. ಆದರೆ ಬಯಲಿನಲ್ಲಿ ನಿಮ್ಮ ದನಿಗೆ ಗೋಡೆಯ ಆಸರೆ ಇರುವುದಿಲ್ಲ, ಇನ್ನೂ ಜೋರಾಗಿ ಕೂಗಬೇಕಾಗುತ್ತದೆ. ಏನು ಮಾಡಬೇಕು ಅನ್ನುವುದನ್ನು ಒಳಗೇ ಹೇಳಿ, ಆಮೇಲೆ ಹೊರಗೆ ಬಿಡಿ.

ಪಾಠ ಹಿಂದೆ ಬಿದ್ದಿದೆ ಅನ್ನುವ ಚಿಂತೆ ಸರಿಯಾದ ಚಿಂತೆಯೇ. ಅದೇ ಕಾಯ್ದೆಯ ಪ್ರಕಾರ 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ದಿನ, 1,000 ಗಂಟೆ ಪಾಠ ನಡೆಯಬೇಕು. ಪ್ರತಿಭಾ ಕಾರಂಜಿ, ಕ್ರೀಡಾಕೂಟ, ತರಬೇತಿ, ಚುನಾವಣೆ ಕೆಲಸ ಕಳೆದು ಎಷ್ಟು ಉಳಿಯುತ್ತದೆ ಅಂತ ನಿಮಗೇ ಗೊತ್ತು. ಎಲ್ಲ ಪಾಠಕ್ಕೂ ಚಟುವಟಿಕೆ ಬೇಕಿಲ್ಲ. ವಾರಕ್ಕೆ ಎರಡು ಸಾಕು. ಮಕ್ಕಳು ತಪ್ಪು ತಿಳಿಯುವ ಜಾಗಕ್ಕೆ ಅವನ್ನು ಇಡಿ. ಉಳಿದ ದಿನ ಚೆನ್ನಾಗಿ ವಿವರಿಸಿ, ಬರೆಯಿಸಿ, ತಿದ್ದಿ. ಸಪ್ಪೆಯಾಗಿ ಕಾಣುವ ಆ ದಿನಗಳಲ್ಲೂ ಮಕ್ಕಳು ಬಹಳ ಕಲಿಯುತ್ತಾರೆ.

41 ಮಕ್ಕಳು ಅಂದಿರಿ. ಕಾಯ್ದೆಯಲ್ಲಿ ಈ ತರಗತಿಗಳಿಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರು ಅಂತ ಇದೆ. ಇದನ್ನು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮುಂದೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಹೇಳಿ. ನಾಳೆಯೇ ಬೇರೆ ಶಿಕ್ಷಕರು ಬರುವುದಿಲ್ಲ. ಆದರೆ ನಿಮ್ಮ ಕಷ್ಟದಲ್ಲಿ ಎಷ್ಟು ಪಾಲು ನಿಮ್ಮದಲ್ಲ ಅಂತ ಉಳಿದವರಿಗೂ ಗೊತ್ತಿರಲಿ.

ಪಕ್ಕದ ಕೋಣೆಯ ಸರ್ ಹತ್ತಿರ ನೀವೇ ಹೋಗಿ. ವಾದಕ್ಕಲ್ಲ. ‘ಸರ್, ಬುಧವಾರ ಮೂರನೇ ಪಿರಿಯಡ್ ನನ್ನದು ಪ್ರಯೋಗ ಇರುತ್ತೆ, ಅವತ್ತು ನಿಮ್ಮ ಮಕ್ಕಳಿಗೆ ಆಟದ ಪಿರಿಯಡ್ ಇಟ್ಟುಕೊಳ್ಳೋಕೆ ಆಗುತ್ತಾ?’ ಅಂತ ಕೇಳಿ. ಹಿರಿಯರಿಗೆ ಮೊದಲೇ ಹೇಳಿದರೆ ಅರ್ಧ ಸಿಟ್ಟು ಇಳಿದಿರುತ್ತದೆ. ಹೆಡ್‌ಮಾಸ್ಟರನ್ನು ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂರಲು ಕರೆಯಿರಿ. ಪಾಠ ಮುಗಿದ ಮೇಲೆ ಮಕ್ಕಳು ಮೊದಲು ಏನು ಊಹಿಸಿದ್ದರು, ಆಮೇಲೆ ಏನು ಬರೆದರು ಅನ್ನುವ ಎರಡು ನೋಟ್‌ಬುಕ್ ಅವರ ಕೈಗೆ ಕೊಡಿ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕಕ್ಕೂ ಅದೇ ದಾಖಲೆ ಆಗುತ್ತದೆ.

ಕೊನೆಗೆ ನಿಮ್ಮ ದನಿ. ನೀವು ಅದನ್ನು ಒಂದೇ ಸಾಲಿನಲ್ಲಿ ಬರೆದಿದ್ದೀರಿ, ನನಗೆ ಅದೇ ಜಾಸ್ತಿ ಚಿಂತೆ. ಸುತ್ತ ಸದ್ದು ಏರಿದರೆ ಮನುಷ್ಯನ ದನಿ ತಾನಾಗಿಯೇ ಏರುತ್ತದೆ. ಇದನ್ನು 1911ರಲ್ಲೇ ಲೊಂಬಾರ್ ಅನ್ನುವ ಫ್ರೆಂಚ್ ವೈದ್ಯರು ಗುರುತಿಸಿದ್ದರು. ನೀವು ಏರಿಸುತ್ತೀರಿ, ಮಕ್ಕಳೂ ಏರಿಸುತ್ತಾರೆ. ಬರಿ ಗೋಡೆ, ತಗಡಿನ ಚಾವಣಿ ಇದ್ದರೆ ಇನ್ನೂ ಕೆಟ್ಟದು. ಗುಂಪುಗಳ ಹತ್ತಿರ ಹೋಗಿ ಮೆಲ್ಲಗೆ ಮಾತಾಡಿ. ಸೂಚನೆಗಳನ್ನು ಬೋರ್ಡ್ ಮೇಲೆ ಬರೆಯಿರಿ. ನೀರಿನ ಬಾಟಲಿ ಮೇಜಿನ ಮೇಲಿರಲಿ. ಕೊರಳಿಗೆ ಹಾಕಿಕೊಳ್ಳುವ ಮೈಕ್ ಕೆಲವರು ತಂದುಕೊಂಡಿದ್ದಾರೆ. ಗಂಟಲಿಗೆ ಆರಾಮ, ಆದರೆ ಪಕ್ಕದ ಕೋಣೆಗೆ ಹೊಸ ದೂರು. ಗಂಟಲು ಕಟ್ಟಿದಾಗ ಪಿಸುಗುಟ್ಟಿ ಮಾತಾಡುವುದು ಒಳ್ಳೆಯದು ಅನ್ನುತ್ತಾರಲ್ಲ, ಅದು ಗಂಟಲಿಗೆ ಇನ್ನಷ್ಟು ಶ್ರಮ ಕೊಡಬಹುದು. ಸುಮ್ಮನಿರುವುದೇ ಮೇಲು. ಮೂರು ವಾರ ಕಳೆದರೂ ದನಿ ಒಡೆದೇ ಇದ್ದರೆ ಕಿವಿ ಮೂಗು ಗಂಟಲು ವೈದ್ಯರಿಗೆ ತೋರಿಸಿ. ಬೇಕಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದನಿಗೆ ಚಿಕಿತ್ಸೆ ಸಿಗುತ್ತದೆ. ದಸರಾ ರಜೆ ಬರಲಿ ಅಂತ ಕಾಯಬೇಡಿ.